ಬಲಕ್ಕೆ ಕಣ್ಣು ಕೊಡುವವರು ಯಾರು?

“ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ” ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಕಟ್ಟಲು ಬೇಕಾದ ತಾಳ್ಮೆಯನ್ನೂ ಕೆಡವಲು ಸಾಕಾಗುವ ಬಲವನ್ನೂ ಅದು ಎದುರುಬದುರಾಗಿ ನಿಲ್ಲಿಸುತ್ತದೆ. ಇದನ್ನು ಕೇಳಿ ಬೆಳೆದ ನಮಗೆ ಬಲವೆಂದರೆ ಕೆಡಿಸುವಂಥದು, ತಾಳ್ಮೆಯೆಂದರೆ ಕಟ್ಟುವಂಥದು ಎಂಬ ಭಾವನೆ ಮೂಡಿದ್ದರೆ ಆಶ್ಚರ್ಯವಿಲ್ಲ. ಆದರೆ ದೊಣ್ಣೆಯ ಹಾಗೆ ಬಡಿಯುತ್ತಲೇ ಕುಂಬಾರನ ಹಾಗೆ ರೂಪ ಕೊಡುವ ಕಸುಬೊಂದು ಲೋಕದಲ್ಲಿದೆ. ಅದು ಕಮ್ಮಾರಿಕೆ. ಅಲ್ಲಿ ಏಟು ಬೀಳದೆ ಏನೂ ಹುಟ್ಟುವುದಿಲ್ಲ. ಹಾಗಾದರೆ ಕೆಡಿಸುವ ಏಟಿಗೂ ಕಟ್ಟುವ ಏಟಿಗೂ ಇರುವ ಅಂತರವಾದರೂ ಏನು?

ಕೈಸುತ್ತಿಗೆಯ ಕಾಲದಲ್ಲಿ ಈ ಪ್ರಶ್ನೆಗೆ ಉತ್ತರ ಸುಲಭವಾಗಿತ್ತು. ಬಡಿಯುವ ತೋಳು, ನೋಡುವ ಕಣ್ಣು, ಯೋಚಿಸುವ ಮನಸ್ಸು ಎಲ್ಲವೂ ಒಬ್ಬನೇ ಮನುಷ್ಯನಲ್ಲಿದ್ದವು. ಯಂತ್ರಸುತ್ತಿಗೆ, ಅಂದರೆ ಕಸುಬಿನವರು ‘ಪವರ್ ಹ್ಯಾಮರ್’ ಎಂದು ಕರೆಯುವ ಯಂತ್ರವು ಬಂದ ಮೇಲೆ ಬಲ ಮನುಷ್ಯನಿಂದ ಬೇರೆಯಾಯಿತು. ಬೇರೆಯಾದ ಬಲಕ್ಕೆ ಹೊಣೆ ಯಾರದು? ಈ ಯಂತ್ರದ ಅಡಿಯಲ್ಲಿ ಇಡುವ ಸಣ್ಣಪುಟ್ಟ ಉಪಕರಣಗಳನ್ನು ಕಮ್ಮಾರರು ಹೇಗೆ ಮಾಡಿಕೊಳ್ಳುತ್ತಾರೆ, ಹೇಗೆ ಬಳಸುತ್ತಾರೆ ಎಂಬುದನ್ನು ಗಮನಿಸಿದರೆ ಈ ಪ್ರಶ್ನೆಗೆ ಬೆಳಕು ಸಿಗುತ್ತದೆ.

ಬಲವನ್ನು ಹುಡುಕಿಕೊಂಡು

ನಮ್ಮ ಹಳ್ಳಿಯ ಕುಲುಮೆಯನ್ನು ಕಂಡವರಿಗೆ ಅಲ್ಲಿನ ಇಬ್ಬರ ನೆನಪಿರುತ್ತದೆ. ಒಬ್ಬ ಇಕ್ಕಳದಲ್ಲಿ ಕಾದ ಕಬ್ಬಿಣ ಹಿಡಿದು ಸಣ್ಣ ಸುತ್ತಿಗೆಯಿಂದ ಏಟು ಬೀಳಬೇಕಾದ ಜಾಗವನ್ನು ತೋರಿಸುತ್ತಾನೆ. ಇನ್ನೊಬ್ಬ ಅದೇ ಜಾಗಕ್ಕೆ ಚಮ್ಮಟಿಗೆಯಿಂದ ಬಡಿಯುತ್ತಾನೆ. ಯೂರೋಪಿನ ಕುಲುಮೆಗಳಲ್ಲಿಯೂ ಇದೇ ಏರ್ಪಾಡು ಇತ್ತು. ಮನುಷ್ಯನ ತೋಳಿಗೆ ಮೀರಿದ ಕೆಲಸಕ್ಕೆ ನೀರಿನ ಚಕ್ರದಿಂದ ಎದ್ದು ಬೀಳುವ ಸುತ್ತಿಗೆಗಳು ಬಂದವು. ಇಂಗ್ಲೆಂಡಿನ ಶೆಫೀಲ್ಡ್ ನಗರದ ಅಬ್ಬೆಡೇಲ್‌ನಲ್ಲಿ ಕುಡುಗೋಲಿನ ಜಾತಿಯ ದೊಡ್ಡ ಕತ್ತಿಗಳನ್ನು ಬಡಿಯುತ್ತಿದ್ದ ಅಂಥ ಸುತ್ತಿಗೆಗಳನ್ನು ಇಂದಿಗೂ ವಸ್ತುಸಂಗ್ರಹಾಲಯವಾಗಿ ಕಾಪಾಡಿದ್ದಾರೆ.

ಈ ಸುತ್ತಿಗೆಗಳಿಗೆ ಒಂದು ದೊಡ್ಡ ಕೊರತೆಯಿತ್ತು. ಕೆಳಗಿಟ್ಟ ಕಬ್ಬಿಣ ದಪ್ಪವಾದಷ್ಟೂ ಸುತ್ತಿಗೆ ಬೀಳುವ ದೂರ ಕಡಿಮೆಯಾಗಿ, ಬಲ ಹೆಚ್ಚು ಬೇಕಾದಲ್ಲಿಯೇ ಏಟು ದುರ್ಬಲವಾಗುತ್ತಿತ್ತು. ‘ಗ್ರೇಟ್ ಬ್ರಿಟನ್’ ಎಂಬ ಹಡಗಿಗೆ ಅಲ್ಲಿಯವರೆಗೆ ಯಾರೂ ಬಡಿದಿರದಷ್ಟು ದಪ್ಪನೆಯ ದಂಡವೊಂದು ಬೇಕಾದಾಗ ಈ ತೊಡಕು ಎದುರಾಯಿತು. ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಮ್ಯಾಂಚೆಸ್ಟರ್ ಬಳಿಯ ಪ್ಯಾಟ್ರಿಕ್ರಾಫ್ಟ್‌ನಲ್ಲಿ ಕಾರ್ಖಾನೆ ನಡೆಸುತ್ತಿದ್ದ ಜೇಮ್ಸ್ ನಾಸ್ಮಿತ್ 1839ರ ನವೆಂಬರ್ 24ರಂದು ಹಬೆಯಿಂದ ನೇರವಾಗಿ ಮೇಲೇರಿ ಬೀಳುವ ಸುತ್ತಿಗೆಯ ಚಿತ್ರವನ್ನು ತಮ್ಮ ಪುಸ್ತಕದಲ್ಲಿ ಬರೆದಿಟ್ಟರು. ಹಡಗಿನ ವಿನ್ಯಾಸವೇ ಬದಲಾಗಿ ಆ ದಂಡ ಬೇಕಾಗಲಿಲ್ಲ. ಆದರೆ ಅಂಥ ಸುತ್ತಿಗೆಯನ್ನು ಫ್ರಾನ್ಸಿನ ಲ ಕ್ರೂಸೋ ಕಾರ್ಖಾನೆಯಲ್ಲಿ ಫ್ರಾಂಸ್ವಾ ಬೂರ್ದೋಂ ಕಟ್ಟಿದರು. 1842ರಲ್ಲಿ ಅಲ್ಲಿಗೆ ಹೋದ ನಾಸ್ಮಿತ್ ಅದನ್ನು ಕಂಡು, ಅದೇ ವರ್ಷ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದರು.

ನಾಸ್ಮಿತ್ ತಮ್ಮ ಸುತ್ತಿಗೆಯ ಹಿರಿಮೆಯನ್ನು ತೋರಿಸುತ್ತಿದ್ದ ಬಗೆ ಕುತೂಹಲಕರವಾದುದು. ಒಂದು ಗಾಜಿನ ಲೋಟದಲ್ಲಿ ಮೊಟ್ಟೆಯನ್ನಿಟ್ಟು, ಟನ್‌ಗಟ್ಟಲೆ ಭಾರದ ಸುತ್ತಿಗೆಯನ್ನು ಇಳಿಸಿ, ಗಾಜು ಒಡೆಯದಂತೆ ಮೊಟ್ಟೆಯ ಚಿಪ್ಪನ್ನು ಮಾತ್ರ ಒಡೆಸುತ್ತಿದ್ದರು. ಎಷ್ಟು ಬಲವಾಗಿ ಬಡಿಯಬಲ್ಲೆ ಎಂಬುದಕ್ಕಿಂತ ಎಷ್ಟು ಹಗುರವಾಗಿ ತಡೆಯಬಲ್ಲೆ ಎಂಬುದೇ ಆ ಯಂತ್ರದ ಹೆಮ್ಮೆಯಾಗಿತ್ತು. ಈ ಮೊಟ್ಟೆಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಅದರ ಮಾತು ಮತ್ತೆ ಬರಲಿದೆ.

ನಡುವೆ ನಿಲ್ಲುವ ತುಂಡು

ಮುಂದೆ ಸಣ್ಣ ಕುಲುಮೆಗಳಿಗೂ ಯಂತ್ರಸುತ್ತಿಗೆ ಬಂತು. ಅಮೆರಿಕದ ಮಿನ್ನೆಸೋಟ ರಾಜ್ಯದ ಮ್ಯಾಂಕೇಟೊ ನಗರದಲ್ಲಿ ತಯಾರಾದ ‘ಲಿಟಲ್ ಜೈಂಟ್’ ಸುತ್ತಿಗೆಗಳು 20ನೆಯ ಶತಮಾನದ ಆರಂಭದಿಂದ ಹಳ್ಳಿಯ ಕಮ್ಮಾರರ ಬಳಿ ನೆಲೆಗೊಂಡವು. ಅವುಗಳಲ್ಲಿ ಬೀಳುವ ಭಾರ 25 ಪೌಂಡಿನಿಂದ 500 ಪೌಂಡಿನವರೆಗೆ, ಅಂದರೆ ಸುಮಾರು 11 ಕಿಲೋದಿಂದ 227 ಕಿಲೋದವರೆಗೆ ಇರುತ್ತಿತ್ತು. ಕಮ್ಮಾರ ಕಾಲಿನಿಂದ ಪೆಡಲ್ ಒತ್ತಿದರೆ ನಿಮಿಷಕ್ಕೆ 200ಕ್ಕೂ ಹೆಚ್ಚು ಏಟುಗಳು ಬೀಳುತ್ತವೆ. ಒಂದು ಕೈಯಲ್ಲಿ ಕಾದ ಕಬ್ಬಿಣ, ಇನ್ನೊಂದು ಕೈಯಲ್ಲಿ ಉಪಕರಣ, ಪೆಡಲಿನ ಮೇಲೆ ಕಾಲು.

ಯಂತ್ರಕ್ಕೆ ತಿಳಿದಿರುವುದು ಎರಡು ಮುಖಗಳ ನಡುವೆ ಇದ್ದದ್ದನ್ನು ಚಪ್ಪಟೆ ಮಾಡುವುದು ಮಾತ್ರ. ಕಬ್ಬಿಣದ ಸಲಾಕೆಯನ್ನು ಒಂದು ಕಡೆ ಸೊಂಟದಂತೆ ಕಿರಿದಾಗಿಸಬೇಕೆ? ದುಂಡಂಚಿನ ತುಂಡೊಂದನ್ನು ಅದರ ಮೇಲಿಟ್ಟು ಏಟು ಕೊಡಿಸಬೇಕು. ಇದಕ್ಕೆ ಫುಲ್ಲರ್ ಎಂದು ಹೆಸರು. ದುಂಡಾಗಿಸಬೇಕೆ? ಅರ್ಧವೃತ್ತದ ತಗ್ಗುಳ್ಳ ಎರಡು ತುಂಡುಗಳ ನಡುವೆ ಇಡಬೇಕು, ಇದು ಸ್ವೇಜ್. ತುದಿಯನ್ನು ಕೂರಾಗಿಸಲು ಇಳಿಜಾರಿನ ತುಂಡು, ತೂತು ಮಾಡಲು ಕೊರೆಯುವ ಮೊಳೆ, ತುಂಡರಿಸಲು ಬಿಸಿ ಉಳಿ ಎಂದು ಒಂದೊಂದು ಆಕಾರಕ್ಕೂ ಒಂದೊಂದು ಸಾಧನ. ಇವುಗಳಲ್ಲಿ ಬಹುಪಾಲನ್ನು ಕಮ್ಮಾರರು ತಾವೇ, ತಮ್ಮ ಕೆಲಸಕ್ಕೆ, ತಮ್ಮ ಯಂತ್ರದ ಅಳತೆಗೆ ತಕ್ಕಂತೆ ಮಾಡಿಕೊಳ್ಳುತ್ತಾರೆ. ಬಲವನ್ನು ಅಂಗಡಿಯಿಂದ ಕೊಳ್ಳಬಹುದು. ಆ ಬಲಕ್ಕೆ ದಾರಿ ತೋರಿಸುವ ತುಂಡನ್ನು ಬಳಸುವವನೇ ಯೋಚಿಸಿ ರೂಪಿಸಬೇಕಾಗುತ್ತದೆ.

ಈ ತುಂಡುಗಳು ನೋಟಕ್ಕೆ ಸರಳವಾಗಿದ್ದರೂ ಪ್ರತಿಯೊಂದು ವಿವರಕ್ಕೂ ಕಾರಣವಿದೆ. ಅವು ಕುಳ್ಳಗಿರಬೇಕು, ಅಗಲವಾಗಿ ಕೂರಬೇಕು. ಎತ್ತರವಾದಷ್ಟೂ ಏಟಿಗೆ ವಾಲಿ ಸಿಡಿಯುವ ಅಪಾಯ ಹೆಚ್ಚು. ಹಿಡಿಕೆ ಗಟ್ಟಿಯಾದ ಮರದ್ದಾಗಿದ್ದರೆ ಏಟಿನ ಅದಿರು ನೇರವಾಗಿ ಮಣಿಕಟ್ಟಿಗೆ ಬರುತ್ತದೆ. ಆದ್ದರಿಂದ ತೆಳ್ಳನೆಯ ಸರಳನ್ನೋ ಸ್ಪ್ರಿಂಗ್ ಉಕ್ಕಿನ ಪಟ್ಟಿಯನ್ನೋ ಹಿಡಿಕೆಯಾಗಿ ಜೋಡಿಸುತ್ತಾರೆ. ಅದು ಬಳುಕಿ ಅದಿರನ್ನು ತಾನೇ ನುಂಗಿಕೊಳ್ಳುತ್ತದೆ. ಹಿಡಿಕೆಯ ತುದಿಯಾಗಲಿ ಇಕ್ಕಳದ ತುದಿಯಾಗಲಿ ಹೊಟ್ಟೆಯ ನೇರಕ್ಕೆ ಇರಕೂಡದು, ಪಕ್ಕಕ್ಕಿರಬೇಕು. ತುಂಡು ಕಬ್ಬಿಣದ ಮೇಲೆ ಸಮನಾಗಿ ಕೂತಿದೆಯೇ ಎಂದು ಮೊದಲು ಒಂದು ಹಗುರ ಏಟಿನಿಂದ ಖಚಿತಪಡಿಸಿಕೊಂಡ ಮೇಲೆಯೇ ಪೂರ್ಣ ಬಲದ ಏಟು.

ಗಡುಸಿನ ಮಿತಿ

ಬಲಶಾಲಿಯಾದ ಯಂತ್ರಕ್ಕೆ ಅತಿ ಗಡುಸಾದ ಉಪಕರಣವೇ ಬೇಕು ಎಂದು ನಮಗೆ ತೋರಬಹುದು. ಅನುಭವ ಬೇರೆಯೇ ಹೇಳುತ್ತದೆ. ಹಳೆಯ ಅರದಂಥ ಅತಿ ಗಡುಸಾದ ಉಕ್ಕು ಪೆಡಸು. ಭಾರೀ ಏಟಿಗೆ ಅದು ಚೂರುಚೂರಾಗಿ ಗುಂಡಿನಂತೆ ಹಾರುತ್ತದೆ. ಹಾಗೆಂದು ತೀರಾ ಮೆತ್ತಗಿದ್ದರೆ ಕಾದ ಕಬ್ಬಿಣದ ಮೇಲೆ ತಾನೇ ರೂಪ ಕಳೆದುಕೊಳ್ಳುತ್ತದೆ. ಆದ್ದರಿಂದ ಕಮ್ಮಾರ ನಡುವಿನ ಹದವನ್ನು ಹುಡುಕುತ್ತಾನೆ. ಬಹುಪಾಲು ಕೈತುಂಡುಗಳಿಗೆ ಮಧ್ಯಮ ಇಂಗಾಲದ ಉಕ್ಕು ಸಾಕು. ಬಿಸಿಯ ಜೊತೆ ಹೆಚ್ಚು ಹೊತ್ತು ಇರಬೇಕಾದ ಉಳಿ, ಮೊಳೆಗಳಿಗೆ ಎಚ್-13, ಎಸ್-7ರಂಥ ವಿಶೇಷ ಉಕ್ಕು. ಉಪಕರಣವು ಯಂತ್ರದ ಡೈ ಮುಖಕ್ಕಿಂತ ಗಡುಸಾಗಿರಕೂಡದು ಎಂಬುದೂ ಒಂದು ನಿಯಮ. ಒಂದು ಸವೆಯಲೇಬೇಕಾದರೆ ಸುಲಭವಾಗಿ ಮತ್ತೆ ಮಾಡಬಲ್ಲ ಸಣ್ಣ ತುಂಡು ಸವೆಯಲಿ, ಯಂತ್ರದ ಮುಖ ಉಳಿಯಲಿ ಎಂಬುದು ಇದರ ತಾತ್ಪರ್ಯ.

ಏಟು ತಿಂದೂ ತಿಂದೂ ಉಪಕರಣದ ತಲೆ ಅಣಬೆಯಂತೆ ಅರಳುತ್ತದೆ. ಅರಳಿದ ಅಂಚು ಒಂದು ದಿನ ಕಳಚಿ ಸಿಡಿಯುತ್ತದೆ. ಆದ್ದರಿಂದ ಅದನ್ನು ಆಗಾಗ ಉಜ್ಜಿ ತೆಗೆಯುವುದು, ಬಿರುಕು ಕಂಡ ತುಂಡನ್ನು ಕೂಡಲೇ ಬಿಸಾಡುವುದು, ಕಸುಬಿನ ಭಾಗವೇ ಆಗಿದೆ.

ಕಾವೇರುವ ಮೊದಲೇ

ಎಲ್ಲ ಉಪಕರಣಗಳಲ್ಲಿ ನನಗೆ ಹೆಚ್ಚು ಅರ್ಥಪೂರ್ಣವಾಗಿ ಕಾಣುವುದು ಅತ್ಯಂತ ಸಾಮಾನ್ಯವಾದ ಒಂದು ತುಂಡು. ಕಬ್ಬಿಣವನ್ನು ಬೇಕಾದ ದಪ್ಪಕ್ಕಿಂತ ಹೆಚ್ಚು ತೆಳುವಾಗಿಸದಂತೆ ಅದೇ ದಪ್ಪದ ಉಕ್ಕಿನ ತುಂಡನ್ನು ಪಕ್ಕದಲ್ಲಿಡುತ್ತಾರೆ. ಮೇಲಿನ ಭಾರ ಇಳಿದಿಳಿದು ಆ ತುಂಡನ್ನು ಮುಟ್ಟಿದೊಡನೆ ಅಲ್ಲಿಗೆ ನಿಲ್ಲುತ್ತದೆ. ಎಷ್ಟೇ ಏಟು ಬಿದ್ದರೂ ಕಬ್ಬಿಣ ಅದಕ್ಕಿಂತ ತೆಳುವಾಗದು. ಇದನ್ನು ತಡೆತುಂಡು ಎನ್ನೋಣ.

ಬಿಸಿ ಉಳಿಯ ಬಳಕೆಯಲ್ಲಿಯೂ ಇಂಥದೇ ಎಚ್ಚರವಿದೆ. ಉಳಿಯನ್ನು ಕಬ್ಬಿಣದ ಪೂರ್ತಿ ಆಳಕ್ಕೆ ಇಳಿಸಿದರೆ ಅದರ ಅಂಚು ಕೆಳಗಿನ ಡೈಗೆ ಬಡಿದು ಎರಡೂ ಹಾಳಾಗುತ್ತವೆ. ಅದಕ್ಕಾಗಿ ಸ್ವಲ್ಪ ಉಳಿಸಿ ಕತ್ತರಿಸಿ, ಕಬ್ಬಿಣವನ್ನು ತಿರುವಿಹಾಕಿ, ಉಳಿದ ತೆಳು ಪದರದ ಮೇಲೆ ಚೌಕನೆಯ ಸರಳನ್ನಿಟ್ಟು ಒಂದೇ ಏಟಿನಲ್ಲಿ ಬೇರ್ಪಡಿಸುತ್ತಾರೆ.

ಈ ಏರ್ಪಾಡುಗಳೆಲ್ಲವೂ ಮುಂಚಿತವಾಗಿ ಆಗಬೇಕು. ಕುಲುಮೆಯಿಂದ ಹೊರತೆಗೆದಾಗ ಸುಮಾರು 1,100ರಿಂದ 1,200 ಡಿಗ್ರಿ ಸೆಲ್ಸಿಯಸ್ ಇರುವ ಕಬ್ಬಿಣ ಗಾಳಿಗೆ ಬಂದೊಡನೆ ತಣಿಯತೊಡಗುತ್ತದೆ. ಆ ಅಲ್ಪ ಸಮಯದಲ್ಲಿ ಸದ್ದು, ಬೆಳಕು, ಝಳ, ಅವಸರ ಎಲ್ಲವೂ ಒಟ್ಟಿಗೆ ಬರುತ್ತವೆ. ಎಲ್ಲಿ ನಿಲ್ಲಿಸಬೇಕು ಎಂದು ಯೋಚಿಸುವ ವೇಳೆ ಅದಲ್ಲ. ಕಬ್ಬಿಣ ಕಾದಾಗಲೇ ಬಡಿಯಬೇಕು ಎನ್ನುತ್ತೇವೆ. ಅದು ಅರ್ಧ ಸತ್ಯ. ಎಲ್ಲಿ ನಿಲ್ಲಬೇಕು ಎಂಬುದನ್ನು ಕಬ್ಬಿಣ ಕಾಯುವ ಮೊದಲೇ, ಕೈ ತಣ್ಣಗಿರುವಾಗಲೇ ತೀರ್ಮಾನಿಸಿರಬೇಕು ಎಂಬುದು ಉಳಿದ ಅರ್ಧ.

ನೀತಿಯ ವಿಷಯದಲ್ಲಿ ನಾವು ಎಡವುವುದು ಇಲ್ಲಿಯೇ. ಆಯ್ಕೆಯ ಕ್ಷಣ ಬಂದಾಗ ನೋಡಿಕೊಂಡರಾಯಿತು, ಆಗ ನನ್ನ ಒಳ್ಳೆಯತನ ನನ್ನನ್ನು ಕಾಪಾಡುತ್ತದೆ ಎಂದು ನಂಬಿರುತ್ತೇವೆ. ಆದರೆ ಕೋಪ, ಲಾಭ, ಭಯಗಳ ಕಾವಿನಲ್ಲಿ ಹೊಸದಾಗಿ ಮಿತಿಯನ್ನು ಹಾಕಿಕೊಳ್ಳಬಲ್ಲವರು ವಿರಳ. ಯುದ್ಧಕಾಲೇ ಶಸ್ತ್ರಾಭ್ಯಾಸ ಎಂದು ನಾವು ಹಾಸ್ಯ ಮಾಡುವುದು ಇಂಥ ಸಿದ್ಧತೆಯಿಲ್ಲದ ಧೈರ್ಯವನ್ನೇ. ಬಲ ಮನುಷ್ಯನ ತೋಳಿನಲ್ಲಿದ್ದಾಗ ಏಟಿನ ನಡುವೆಯೂ ಕೈ ತಡೆಯಬಹುದಿತ್ತು. ಯಂತ್ರದ ಬಲ ಸಿಕ್ಕ ಮೇಲೆ ಹೊಣೆಗಾರಿಕೆ ಏಟಿನ ಕ್ಷಣದಿಂದ ಹಿಂದಕ್ಕೆ, ಸಿದ್ಧತೆಯ ಕ್ಷಣಕ್ಕೆ ಸರಿದಿದೆ.

ತಯಾರಿಕೆ ಮತ್ತು ನಡವಳಿಕೆ

ಇಷ್ಟು ಜಾಣ್ಮೆಯಿಂದ ಉಪಕರಣ ಮಾಡಬಲ್ಲವನು ಒಳ್ಳೆಯ ಮನುಷ್ಯನೂ ಆಗಿರುತ್ತಾನೆಯೇ? ಈ ಪ್ರಶ್ನೆಯನ್ನು ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ‘ನಿಕೊಮೇಕಿಯನ್ ಎಥಿಕ್ಸ್’ ಗ್ರಂಥದ ಆರನೆಯ ಭಾಗದಲ್ಲಿ ಬಿಡಿಸಿ ನೋಡಿದ್ದಾನೆ. ವಸ್ತುವನ್ನು ಸರಿಯಾಗಿ ತಯಾರಿಸುವ ಬುದ್ಧಿ ಒಂದು, ಅದು ಕುಶಲತೆ. ಸರಿಯಾಗಿ ನಡೆದುಕೊಳ್ಳುವ ಬುದ್ಧಿ ಇನ್ನೊಂದು, ಅದು ವಿವೇಕ. 13ನೆಯ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ಈ ಭೇದವನ್ನು ಇನ್ನಷ್ಟು ಸ್ಪಷ್ಟಗೊಳಿಸಿದರು. ಇವೆರಡರ ಅಂತರವನ್ನು ತೋರಿಸಲು ಒಂದು ಸೊಗಸಾದ ಪರೀಕ್ಷೆ ಇದೆ. ಕುಶಲತೆಯಲ್ಲಿ ತಿಳಿದೂ ತಪ್ಪು ಮಾಡುವವನು ತಿಳಿಯದೆ ತಪ್ಪು ಮಾಡುವವನಿಗಿಂತ ಮೇಲು. ವಿವೇಕದಲ್ಲಿ ತಿಳಿದೂ ತಪ್ಪು ಮಾಡುವವನೇ ಕೀಳು.

ಕುಲುಮೆಗೆ ಇದನ್ನು ಅನ್ವಯಿಸಿ ನೋಡೋಣ. ಕಲಿಯುವ ಹುಡುಗನಿಗೆ ತೋರಿಸಲೆಂದು ಬೇಕೆಂದೇ ಒಂದು ತುಂಡನ್ನು ಸೊಟ್ಟಗೆ ಮಾಡಿದ ಕಮ್ಮಾರನ ಕುಶಲತೆಗೆ ಕುಂದಿಲ್ಲ. ಆದರೆ ಬಿರುಕು ಬಿಟ್ಟಿದೆ ಎಂದು ಗೊತ್ತಿದ್ದೂ ಅದೇ ತುಂಡನ್ನು ಸಹಾಯಕನ ಕೈಗೆ ಕೊಟ್ಟು ಕೆಲಸ ಮುಗಿಸಿಕೊಂಡರೆ? ಗೊತ್ತಿಲ್ಲದೆ ಕೊಟ್ಟವನು ಕನಿಕರಕ್ಕೆ ಅರ್ಹ. ಗೊತ್ತಿದ್ದು ಕೊಟ್ಟವನು ಉತ್ತರ ಕೊಡಬೇಕಾದವನು. ತುಂಡು ಒಂದೇ, ಏಟು ಒಂದೇ. ಕುಶಲತೆಯ ಪರೀಕ್ಷೆಯಲ್ಲಿ ಅವರಿಬ್ಬರೂ ಎಲ್ಲಿಯೇ ನಿಂತಿರಲಿ, ಮನುಷ್ಯತ್ವದ ಪರೀಕ್ಷೆಯಲ್ಲಿ ಅವರ ಜಾಗ ಬೇರೆ ಬೇರೆ.

ಈಗ ಮೊಟ್ಟೆಯ ಮಾತಿಗೆ ಮರಳೋಣ. ಬ್ರಿಟನ್ನಿನಲ್ಲಿ ಕಾರ್ಮಿಕ ಸಂಘಗಳ ಕುರಿತು ವಿಚಾರಣೆ ನಡೆಸಿದ ಆಯೋಗದ ಮುಂದೆ ಜೇಮ್ಸ್ ನಾಸ್ಮಿತ್ ಸಾಕ್ಷ್ಯ ನುಡಿದರು. ಆಯೋಗದ ವರದಿ 1868ರಲ್ಲಿ ಪ್ರಕಟವಾಯಿತು. 1851ರ ಮುಷ್ಕರಗಳ ತರುವಾಯ ತಾವು ಸ್ವಯಂಚಾಲಿತ ಯಂತ್ರಗಳನ್ನು ಅಳವಡಿಸಿ, ವಯಸ್ಕ ಕೆಲಸಗಾರರ ಸಂಖ್ಯೆಯನ್ನು 1,500ರಿಂದ 750ಕ್ಕೆ ಇಳಿಸಿದುದಾಗಿಯೂ ಅದರಿಂದ ಲಾಭ ಸಾಕಷ್ಟು ಹೆಚ್ಚಿದುದಾಗಿಯೂ ಅವರು ಹೇಳಿದರು. ಕಾರ್ಲ್ ಮಾರ್ಕ್ಸ್ ತಮ್ಮ ‘ಬಂಡವಾಳ’ ಗ್ರಂಥದಲ್ಲಿ ಈ ಸಾಕ್ಷ್ಯವನ್ನು ಎತ್ತಿಕೊಂಡಿದ್ದಾರೆ. ನಾಸ್ಮಿತ್ 1856ರಲ್ಲಿ, ತಮ್ಮ 48ನೆಯ ವಯಸ್ಸಿನಲ್ಲಿಯೇ, ಕಾರ್ಖಾನೆಯಿಂದ ನಿವೃತ್ತರಾಗಿದ್ದರು.

ಇಲ್ಲಿ ಆತುರದ ತೀರ್ಪು ಸಲ್ಲದು. ಯಂತ್ರಗಳು ಎಷ್ಟೋ ಬೆನ್ನುಗಳನ್ನು ಉಳಿಸಿವೆ; ಎಷ್ಟೋ ವಸ್ತುಗಳನ್ನು ಬಡವರ ಕೈಗೆಟಕಿಸಿವೆ. ಮುಷ್ಕರವನ್ನು ಎದುರಿಸಿದ ಮಾಲೀಕನಿಗೂ ಅವನದೇ ಆದ ಇಕ್ಕಟ್ಟುಗಳು ಇದ್ದಿರಬಹುದು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಲೋಟದ ಗಾಜು ಒಡೆಯದಂತೆ ಮೊಟ್ಟೆಯ ಮೇಲಿನ ಏಟನ್ನು ಅಷ್ಟು ನಿಖರವಾಗಿ ಅಳೆದ ಬುದ್ಧಿಯು 750 ಜನರ ಬದುಕಿನ ಮೇಲೆ ಬಿದ್ದ ಏಟಿಗೆ ಯಾವ ತಡೆತುಂಡನ್ನು ಇಟ್ಟಿತ್ತು? ಕೆಲಸ ಕಳೆದುಕೊಂಡವರಿಗೆ ಮುಂದೇನು ಎಂಬುದನ್ನು ಯಂತ್ರ ಯೋಚಿಸಲಾರದು. ಅದು ಯಂತ್ರದ ಹಿಂದೆ ನಿಂತವರ ಕೆಲಸ. ಕುಶಲತೆಯಲ್ಲಿ ಅವರು ಶ್ರೇಷ್ಠರು ಎಂಬುದರಿಂದ ವಿವೇಕದ ಪ್ರಶ್ನೆಗೆ ಉತ್ತರ ಸಿಕ್ಕಂತಾಗುವುದಿಲ್ಲ.

ಚಮ್ಮಟಿಗೆಯವನ ಕಣ್ಣು

ಯಂತ್ರಸುತ್ತಿಗೆ ಬಂದಾಗ ಕುಲುಮೆಯಿಂದ ಹೊರನಡೆದವನು ಚಮ್ಮಟಿಗೆ ಹೊಡೆಯುವವನು. ಅವನೊಂದಿಗೆ ಹೋದದ್ದು ಎರಡು ತೋಳುಗಳು ಮಾತ್ರವಲ್ಲ, ಎರಡು ಕಣ್ಣುಗಳೂ ಹೋದವು. ಉಳಿ ಓರೆಯಾಗಿದ್ದರೆ ಅವನು ಚಮ್ಮಟಿಗೆಯನ್ನು ತಡೆಯುತ್ತಿದ್ದ. “ಸ್ವಲ್ಪ ತಾಳಿ” ಎನ್ನುತ್ತಿದ್ದ. ಯಂತ್ರ ಹಾಗೆನ್ನುವುದಿಲ್ಲ. ಓರೆಯಾದುದಕ್ಕೂ ನೆಟ್ಟಗಿರುವುದಕ್ಕೂ ಒಂದೇ ಏಟು. ನೇಗಿಲಿನ ಗುಳಕ್ಕೂ ಫಿರಂಗಿಗೂ ಒಂದೇ ಏಟು. ಬಲವನ್ನು ಕೊಡುವ ಸೇವಕ ಎದುರಾಡದಿದ್ದಾಗ ಒಡೆಯನ ಆತ್ಮಸಾಕ್ಷಿಯೇ ಆ ಮಾತನ್ನು ಆಡಬೇಕಾಗುತ್ತದೆ. ಭಾರೀ ಸುತ್ತಿಗೆಗಳ ಕಾರ್ಖಾನೆಗಳಲ್ಲಿ ಕಬ್ಬಿಣ ಹಿಡಿಯುವವನೊಬ್ಬ, ಅವನ ಸನ್ನೆ ನೋಡಿ ಸುತ್ತಿಗೆ ನಡೆಸುವವನೊಬ್ಬ ಎಂಬ ಪದ್ಧತಿ ಇತ್ತು. ಒಂಟಿಯಾಗಿ ದುಡಿಯುವ ಕಮ್ಮಾರನಿಗೆ ಆ ಭಾಗ್ಯವಿಲ್ಲ. ಅವನ ಉಪಕರಣಗಳೇ ಅವನ ಎರಡನೆಯ ಕಣ್ಣು.

ಇನ್ನೊಂದು ಮುಖವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಕಾರ್ಖಾನೆಗಳು ಹಳೆಯ ಯಂತ್ರಸುತ್ತಿಗೆಗಳನ್ನು ಗುಜರಿಗೆ ಹಾಕತೊಡಗಿದಾಗ ಅವನ್ನು ಕೊಂಡು ಉಳಿಸಿದವರಲ್ಲಿ ಸಣ್ಣ ಕಮ್ಮಾರರು ಸೇರಿದ್ದಾರೆ. ಉತ್ತರ ಅಮೆರಿಕದ ಕಲಾವಿದ ಕಮ್ಮಾರರ ಸಂಘ 1973ರಲ್ಲಿ ಆರಂಭವಾದ ಮೇಲೆ ಅಳಿಯುತ್ತಿದ್ದ ಕಸುಬು ಅಲ್ಲಿ ಮತ್ತೆ ಚಿಗುರಿತು. ಇಂಡಿಯಾನಾ ರಾಜ್ಯದ ಗ್ಯಾರಿಯ ಕ್ಲಿಫ್ಟನ್ ರಾಲ್ಫ್ ಅವರು ಕಾರ್ಖಾನೆಯ ಸುತ್ತಿಗೆಗಳಲ್ಲಿ ಕಲಿತ ಸರಳ ಉಪಕರಣಗಳ ವಿದ್ಯೆಯನ್ನು ಈ ಹೊಸ ತಲೆಮಾರಿಗೆ ಹಂಚಿದರು. ಒಬ್ಬಂಟಿಯಾಗಿಯೂ, ಭುಜ ಸವೆದ ಮೇಲೂ, ಕಸುಬು ಮುಂದುವರಿಸಲು ಯಂತ್ರ ಎಷ್ಟೋ ಜನರಿಗೆ ಆಸರೆಯಾಯಿತು. ಅದೇ ಬಲ ಒಂದು ಕಡೆ ಕೆಲಸ ಕಸಿದಿತ್ತು. ಇನ್ನೊಂದು ಕಡೆ ಕಸುಬನ್ನು ಉಳಿಸಿತು. ಆದ್ದರಿಂದ ಬಲವನ್ನು ದೂಷಿಸಿ ನಾವು ಕೈತೊಳೆದುಕೊಳ್ಳುವಂತಿಲ್ಲ.

ಏಟಿನ ಪೂರ್ತಿ ಬಲ ಕಬ್ಬಿಣದಲ್ಲಿಯೇ ಮುಗಿಯುವುದಿಲ್ಲ ಎಂಬುದನ್ನೂ ಮರೆಯಕೂಡದು. ಅದನ್ನು ತಾಳಿಕೊಳ್ಳಲು ಬೀಳುವ ಭಾರದ ಹತ್ತು ಹದಿನೈದು ಪಟ್ಟು ತೂಕದ ಅಡಿಗಲ್ಲು ಕೆಳಗಿರಬೇಕು. ಅದರ ಕೆಳಗೆ ಗಟ್ಟಿ ಅಡಿಪಾಯ ಇರಬೇಕು. ಇಲ್ಲದಿದ್ದರೆ ಅದಿರು ನೆಲದ ಮೂಲಕ ಪಕ್ಕದ ಮನೆಯ ಗೋಡೆಗೆ ತಲುಪುತ್ತದೆ. ಸದ್ದು ದುಡಿಯುವವನ ಕಿವಿಯನ್ನೇ ಕಸಿಯಬಲ್ಲದು. ವಸ್ತುವಿನ ಬೆಲೆಯಲ್ಲಿ ಪಾಲಿಲ್ಲದವರೂ ಏಟಿನಲ್ಲಿ ಪಾಲುದಾರರಾಗುತ್ತಾರೆ.

ನಮ್ಮ ಕೈಯಲ್ಲಿರುವ ಸುತ್ತಿಗೆಗಳು

ನಮ್ಮಲ್ಲಿ ಯಂತ್ರಸುತ್ತಿಗೆಯ ಮುಂದೆ ನಿಲ್ಲುವವರು ಕಡಿಮೆ. ಆದರೆ ತೋಳಿಗೆ ಮೀರಿದ ಬಲವನ್ನು ಕೊಂಡು ತರದ ಮನೆ ಇಂದು ಇಲ್ಲವೆಂದೇ ಹೇಳಬೇಕು. ಬೆರಳೊತ್ತಿದರೆ ನೂರಾರು ಜನರಿಗೆ ಸುದ್ದಿ ಮುಟ್ಟಿಸುವ ಮೊಬೈಲು ಒಂದು ಸುತ್ತಿಗೆ. ಹದಿಹರೆಯದ ಮಗನಿಗೆ ಕೊಡಿಸಿದ ಬೈಕು ಒಂದು ಸುತ್ತಿಗೆ. ಸಾಲ ಕೊಟ್ಟವನ ಕೈಯ ಪತ್ರ, ಮೇಲಧಿಕಾರಿಯ ಸಹಿ, ಮನೆಯ ಹಿರಿಯರ ಒಂದು ಕಟುಮಾತು, ಇವೂ ಸುತ್ತಿಗೆಗಳೇ. ಇವು ಯಾವುವೂ “ಸ್ವಲ್ಪ ತಾಳಿ” ಎನ್ನುವುದಿಲ್ಲ. ನೆರೆಮನೆಯವರ ಬಗೆಗಿನ ಗಾಳಿಮಾತೊಂದು ಬಂದಾಗ ನಿಜವೇ ಎಂದು ವಿಚಾರಿಸದೆ ಯಾವುದನ್ನೂ ಮುಂದಕ್ಕೆ ಕಳುಹಿಸುವುದಿಲ್ಲ ಎಂಬ ನಿಯಮವನ್ನು ಮೊದಲೇ ಮಾಡಿಕೊಂಡಿದ್ದ ಮನೆಯಲ್ಲಿ ಆ ಮಾತು ಅಲ್ಲಿಗೇ ನಿಲ್ಲುತ್ತದೆ. ಕೋಪ ಬಂದ ರಾತ್ರಿ ಹಣದ ಮಾತು, ಪಾಲಿನ ಮಾತು ಎತ್ತುವುದಿಲ್ಲ ಎಂದು ತಣ್ಣಗಿದ್ದಾಗಲೇ ಒಪ್ಪಿಕೊಂಡ ಅಣ್ಣತಮ್ಮಂದಿರ ನಡುವೆ ಎಷ್ಟೋ ಮನೆಗಳು ಒಡೆಯದೆ ಉಳಿದಾವು.

ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಈಗ ಉತ್ತರಿಸಬಹುದು. ಕೆಡಿಸುವ ಏಟಿಗೂ ಕಟ್ಟುವ ಏಟಿಗೂ ಇರುವ ಅಂತರ ಬಲದ ಹೆಚ್ಚುಕಡಿಮೆಯಲ್ಲಿಲ್ಲ. ಬಲಕ್ಕೂ ಅದು ತಗಲುವ ಜೀವಕ್ಕೂ ನಡುವೆ ಮನುಷ್ಯನೊಬ್ಬ ಮುಂಚಿತವಾಗಿ ಯೋಚಿಸಿ, ಅಳೆದು, ಹದಗೊಳಿಸಿ ಇಟ್ಟಿರುವ ತುಂಡಿನಲ್ಲಿದೆ. ಆ ತುಂಡನ್ನು ಬೇರೆಯವರು ನಮಗಾಗಿ ಮಾಡಿಕೊಡಲಾರರು. ಅದು ಸವೆಯುತ್ತದೆ, ತಲೆ ಅರಳುತ್ತದೆ, ಕೆಲವೊಮ್ಮೆ ಬಿರುಕು ಬಿಡುತ್ತದೆ; ಆಗಾಗ ನೋಡಿ ಉಜ್ಜಬೇಕು, ಬೇಕಾದರೆ ಹೊಸದನ್ನು ಮಾಡಬೇಕು. ನಮ್ಮ ಮನೆಗೆ ಮುಂದಿನ ಬಾರಿ ಯಾವುದಾದರೂ ಹೊಸ ಬಲ ಬಂದಾಗ ಅದರ ಬೆಲೆಯೆಷ್ಟು, ವೇಗವೆಷ್ಟು ಎಂದು ಕೇಳುವ ಜೊತೆಗೆ, ಇದಕ್ಕೆ ತಡೆತುಂಡು ಯಾವುದು ಎಂದೂ ಮನೆಮಂದಿಯೆಲ್ಲ ಕೂತು ಕೇಳಿಕೊಳ್ಳುವುದು ಒಳ್ಳೆಯದು.